ಭೀಮಾ ದಂಡೆಯ ಒಂಟಿ ಕಣಜಕ್ಕೂ ಜೈಸಲ್ಮೇರಿನ ಕಣಜಕ್ಕೂ ಒಂದೇ ಹೆಸರು ಹೊಂದುತ್ತದೆಯೇ?

ಪ್ರಶ್ನೆ: ಯಾದಗಿರಿ ತಾಲ್ಲೂಕಿನ ಭೀಮಾ ದಂಡೆಯ ಊರಿನ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಊರಿನ ಕಣಜಗಳ ಪಟ್ಟಿ ಮಾಡಲು ಹೊರಟಿದ್ದಾರೆ. ನನ್ನ ತಮ್ಮ ಜೈಸಲ್ಮೇರ್ ಕಡೆ ಗಾಳಿವಿದ್ಯುತ್ ಘಟಕದಲ್ಲಿ ಕೆಲಸ ಮಾಡುತ್ತಾನೆ. ಅವನೂ ಅಲ್ಲಿ ಕಂಡ ಕಣಜಗಳ ಫೋಟೊ ಕಳುಹಿಸಿದ್ದಾನೆ. ಮೂರು ಇಲ್ಲಿಯವು, ಮೂರು ಅಲ್ಲಿಯವು, ಒಟ್ಟು ಆರು ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ ಸರ್. ಇವುಗಳ ಹೆಸರೇನು? ಎರಡೂ ಕಡೆ ಇರುವುದು ಒಂದೇ ಪ್ರಭೇದವೇ? ಮೊಬೈಲ್ ಆ್ಯಪ್ ಒಂದೇ ಹುಳುವಿಗೆ ದಿನಕ್ಕೊಂದು ಹೆಸರು ಹೇಳುತ್ತಿದೆ. ನಾವೇ ಗುರುತಿಸಿ ವರ್ಗೀಕರಿಸುವ ದಾರಿ ಯಾವುದು?

ಉತ್ತರ: ಮೇಡಂ, ನಿಮ್ಮ ಆರು ಚಿತ್ರಗಳಲ್ಲಿ ಒಂದಕ್ಕೂ ನಾನು ಪ್ರಭೇದದ ಹೆಸರನ್ನು ಖಚಿತವಾಗಿ ಕೊಡುವುದಿಲ್ಲ, ಆದರೆ ಆರಕ್ಕೂ ಕುಟುಂಬವನ್ನೂ, ನಾಲ್ಕಕ್ಕೆ ಕುಲವನ್ನೂ ಧೈರ್ಯವಾಗಿ ಹೇಳಬಲ್ಲೆ, ಇನ್ನೊಂದಕ್ಕೆ ಕುಲವನ್ನು ಅನುಮಾನದೊಂದಿಗೆ ಹೇಳಬಲ್ಲೆ. ಹತ್ತಿರದ ಪ್ರಭೇದಗಳು ಸೇರಿ ಕುಲ, ಕುಲಗಳು ಸೇರಿ ಕುಟುಂಬ. ಇದನ್ನು ಕೇಳಿ ಮಕ್ಕಳಿಗೆ ನಿರಾಸೆಯಾಗಬಹುದು. ಕಣಜಗಳ ವಿಷಯದಲ್ಲಿ ಎಷ್ಟು ಮೆಟ್ಟಿಲು ಹತ್ತಿದ್ದೇವೆ ಎಂಬುದಕ್ಕಿಂತ, ಹತ್ತಿದ ಮೆಟ್ಟಿಲು ಗಟ್ಟಿಯಾಗಿದೆಯೇ ಎಂಬುದು ಮುಖ್ಯ; ಪಟ್ಟಿಯಲ್ಲಿ 'ಬೆಂಬಿಕ್ಸ್ ಕುಲ, ಪ್ರಭೇದ ಗೊತ್ತಾಗಿಲ್ಲ' ಎಂದು ಬರೆದ ಸಾಲು, ಆ್ಯಪ್ ಕೊಟ್ಟ ಎರಡು ಪದದ ಲ್ಯಾಟಿನ್ ಹೆಸರಿಗಿಂತ ಹೆಚ್ಚು ಬೆಲೆಯುಳ್ಳದ್ದು.

'ಒಂಟಿ ಕಣಜ' ಎಂದರೆ ಒಬ್ಬಂಟಿಯಾಗಿ ಹಾರಾಡುವ ಕಣಜ ಎಂದಲ್ಲ. ರಾಣಿ, ಕೆಲಸಗಾರ್ತಿ ಎಂಬ ಹಂಚಿಕೆಯಿಲ್ಲದೆ, ಪ್ರತಿ ಹೆಣ್ಣೂ ತನ್ನ ಗೂಡನ್ನು ತಾನೇ ಕಟ್ಟಿ ಅಥವಾ ತೋಡಿ, ತನ್ನ ಮರಿಗೆ ತಾನೇ ಆಹಾರ ಹೊತ್ತು ತರುವ ಕಣಜಗಳಿಗೆ ಈ ಹೆಸರು. ಮಾಳಿಗೆಯ ಜಂತಿಗೆ ಕಾಗದದಂಥ ಗೂಡು ಕಟ್ಟಿ, ಹತ್ತಿರ ಹೋದರೆ ಮುತ್ತಿಕೊಂಡು ಕಚ್ಚುವ ಕಣಜಗಳು ಸಮಾಜಜೀವಿಗಳು. ಅವು ನಿಮ್ಮ ಚಿತ್ರಗಳಲ್ಲಿ ಇಲ್ಲ. ನದಿಯ ಮರಳಿನಲ್ಲಿ ಒಂದೇ ಕಡೆ ನೂರು ಬಿಲಗಳು ಕಂಡರೂ ಅದು ಸಮಾಜವಲ್ಲ, ನೆರೆಹೊರೆ ಅಷ್ಟೆ. ಪ್ರತಿ ಬಿಲಕ್ಕೂ ಬೇರೆ ಯಜಮಾನಿ.

ಇನ್ನು ಪ್ರದೇಶದ ಮಾತು. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಸೀಮೆಯನ್ನು ಬಿಸಿಲ ನಾಡು ಎನ್ನುತ್ತೇವೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೂ ಇದು ಮರುಭೂಮಿಯಲ್ಲ, ಅರೆ ಶುಷ್ಕ ಬಯಲು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ ಬಿದ್ದರೆ, ಕಲಬುರಗಿಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಬೀಳುತ್ತದೆ. ಒಂಟಿ ಕಣಜಕ್ಕೆ ಮಳೆಯ ಲೆಕ್ಕದಷ್ಟೇ ಮಣ್ಣಿನ ಲೆಕ್ಕವೂ ಮುಖ್ಯ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನಮ್ಮ ಎರೆಹೊಲ ಮರಳು ತೋಡುವ ಕಣಜಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. ಆದರೆ ಅದೇ ಎರೆಸೀಮೆಯ ನಡುವೆ ಹರಿಯುವ ಭೀಮೆಯ ಮರಳದಿಣ್ಣೆ, ಹಳ್ಳದ ದಂಡೆ, ಮಸಾರಿ ಹೊಲದ ಬದು ಅದಕ್ಕೆ ಹಿಡಿಯಷ್ಟು ಥಾರ್ ಇದ್ದ ಹಾಗೆ. ಆದ್ದರಿಂದ ಕುಲದ ಮಟ್ಟದಲ್ಲಿ ಎರಡೂ ಕಡೆ ಸಾಕಷ್ಟು ಹೋಲಿಕೆ ಸಿಗುತ್ತದೆ, ಪ್ರಭೇದದ ಮಟ್ಟದಲ್ಲಿ ಮಾತ್ರ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ತೂಗಿ ನೋಡಬೇಕು.

ಗುರುತಿಸುವಾಗ ಎಲ್ಲರೂ ಮೊದಲು ಹಿಡಿಯುವುದು ಬಣ್ಣವನ್ನು. ಎಲ್ಲರೂ ಮೊದಲು ಎಡವುವುದೂ ಅಲ್ಲಿಯೇ. ಕೊಂಡಿಯುಳ್ಳ ಕೀಟಗಳು ಹಕ್ಕಿ, ಓತಿಕ್ಯಾತಗಳಿಗೆ ಎಚ್ಚರಿಕೆ ಕೊಡಲು ಹಳದಿ-ಕಪ್ಪು, ಕೆಂಪು-ಕಪ್ಪು ಎಂಬ ಕೆಲವೇ ಸಮವಸ್ತ್ರಗಳನ್ನು ಹಂಚಿಕೊಂಡಿವೆ. ಬೇರೆ ಬೇರೆ ಕುಟುಂಬದ ಕಣಜಗಳು ಒಂದೇ ಬಣ್ಣ ತೊಟ್ಟಿರುತ್ತವೆ, ಕೊಂಡಿಯೇ ಇಲ್ಲದ ಹೂನೊಣಗಳೂ ಅದೇ ಬಣ್ಣದಲ್ಲಿ ತಿರುಗುತ್ತವೆ. ಇದಕ್ಕೆ ತಿರುವಾಗಿ, ಒಂದೇ ಪ್ರಭೇದದ ಗಂಡು ಹೆಣ್ಣು ಬೇರೆ ಬಣ್ಣದಲ್ಲಿರುವುದೂ, ಒಂದು ಸೀಮೆಯಲ್ಲಿ ಹಳದಿಯಾಗಿದ್ದದ್ದು ಇನ್ನೊಂದು ಸೀಮೆಯಲ್ಲಿ ಕೆಂಪಾಗಿರುವುದೂ ಉಂಟು. ಬಣ್ಣವನ್ನು ಬರೆದಿಡಿ, ಆದರೆ ತೀರ್ಪನ್ನು ಅದರ ಕೈಗೆ ಕೊಡಬೇಡಿ.

ಬಣ್ಣ ಬಿಟ್ಟರೆ ಕುಟುಂಬವನ್ನು ಹೇಳುವ ಗುರುತು ಯಾವುದು? ಮೊದಲನೆಯದು, ಕುಳಿತಾಗ ಕಣಜ ತನ್ನ ಮುಂರೆಕ್ಕೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬುದು. ಹೆಗಲ ಮೇಲಿನ ಶಲ್ಯವನ್ನು ಉದ್ದಕ್ಕೆ ಮಡಿಚಿದಂತೆ ರೆಕ್ಕೆ ಮಡಿಚಿ ಕಿರಿದಾಗಿದ್ದರೆ ಅದು ವೆಸ್ಪಿಡೇ ಕುಟುಂಬ. ಮಣ್ಣಿನಿಂದ ಗಡಿಗೆಯಂಥ ಗೂಡು ಕಟ್ಟುವ ಕುಂಬಾರ ಕಣಜಗಳ ಯೂಮಿನಿನೇ ಉಪಕುಟುಂಬ ಇದರೊಳಗೇ ಬರುತ್ತದೆ. ಈ ಕುಟುಂಬದ ಕಣ್ಣಿಗೆ ಒಳಬದಿಯಲ್ಲಿ ಅವರೆಬೀಜದ ಕಚ್ಚಿನಂಥ ತಗ್ಗು ಇರುತ್ತದೆ, ಆದರೆ ಅದನ್ನೊಂದನ್ನೇ ನಂಬಬಾರದು, ಇತರ ಕೆಲವು ಕಣಜಗಳಿಗೂ ಅದು ಇದೆ. ಎರಡನೆಯದು ಕುತ್ತಿಗೆಯ ಹಿಂದಿನ ಪಟ್ಟಿ. ಮೇಲಿನಿಂದ ನೋಡಿದಾಗ ಆ ಪಟ್ಟಿಯ ಎರಡು ತುದಿಗಳು ಹಿಂದಕ್ಕೆ ಚಾಚಿ, ರೆಕ್ಕೆಯ ಬುಡವನ್ನು ಮುಚ್ಚುವ ಪುಟ್ಟ ಚಿಪ್ಪನ್ನು ಮುಟ್ಟುತ್ತಿದ್ದರೆ ಅದು ವೆಸ್ಪಿಡೇ ಅಥವಾ ಜೇಡ ಬೇಟೆಯ ಪೊಂಪಿಲಿಡೇ ಕಡೆಯದು. ತುದಿ ಗುಂಡಗಾಗಿ ಚಿಪ್ಪನ್ನು ಮುಟ್ಟದೆ ದೂರ ನಿಂತು, ಪಟ್ಟಿ ಅಂಗಿಯ ಕಾಲರಿನಂತೆ ಕಂಡರೆ ಅದು ಸ್ಫೆಸಿಡೇ, ಕ್ರಾಬ್ರೊನಿಡೇ ಕುಟುಂಬಗಳ ಕಡೆಯದು. ಮಕ್ಕಳಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೊಟ್ಟರೆ ಒಂದು ವಾರದಲ್ಲಿ ಇದು ಕಣ್ಣಿಗೆ ಕೂಡುತ್ತದೆ.

ಪೊಂಪಿಲಿಡೇಯನ್ನು ಗುರುತಿಸಲು ಭೂತಗನ್ನಡಿಯೂ ಬೇಡ. ಮುಳ್ಳುಗಳುಳ್ಳ ಉದ್ದ ಹಿಂಗಾಲು, ಕುಡಿಮೀಸೆಯನ್ನು ಸುರುಳಿ ಮಾಡಿಕೊಂಡು, ರೆಕ್ಕೆಯನ್ನು ಕ್ಷಣಕ್ಷಣಕ್ಕೂ ಝಾಡಿಸುತ್ತ ನೆಲದ ಮೇಲೆ ಅವಸರದಲ್ಲಿ ಓಡಾಟ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಪ್ರಪಂಚದಲ್ಲಿ ಇವುಗಳ ಸುಮಾರು 5,000 ಪ್ರಭೇದಗಳಿವೆ. ಮೈತುಂಬ ಕೂದಲಿದ್ದು, ರೆಕ್ಕೆಯ ತುದಿಯಲ್ಲಿ ಸಣ್ಣ ಗೆರೆಗಳ ನೆರಿಗೆಯಿದ್ದು, ಹೊಲದ ಮೇಲೆ ತಗ್ಗಿನಲ್ಲಿ ಸುತ್ತುವ ದೊಡ್ಡ ಕಪ್ಪು ಕಣಜಗಳು ಸ್ಕೋಲಿಡೇ. ನಮ್ಮ ರೈತರು ಬೈಯುವ ಗೊಣ್ಣೆಹುಳುವಿನ ಮೇಲೆಯೇ ಇವು ಮೊಟ್ಟೆಯಿಡುತ್ತವೆ. ಗಾಜಿನ ಬಳೆಯಂತೆ ಹೊಳೆಯುವ ಹಸಿರು-ನೀಲಿ ಬಣ್ಣವಿದ್ದು, ಮುಟ್ಟಿದರೆ ಉಂಡೆಯಾಗುವವು ಕ್ರೈಸಿಡಿಡೇ.

ಈಗ ನಿಮ್ಮ ಚಿತ್ರಗಳು. ಮೊದಲನೆಯದು, ಶಾಲೆಯ ಗೋಡೆಗೆ ಮೆತ್ತಿದ ಮಣ್ಣಿನ ಗೂಡು, ಪಕ್ಕದಲ್ಲಿ ಕಪ್ಪು ಮೈ, ಹಳದಿ ಕಾಲು, ನೂಲಿನಂಥ ಸೊಂಟದ ಕಣಜ. ಇದು ಸ್ಫೆಸಿಡೇ ಕುಟುಂಬದ ಸೆಲಿಫ್ರಾನ್ ಕುಲ. ಸೊಂಟವನ್ನು ಗಮನಿಸಿ: ಅದು ಎಲ್ಲ ಕಡೆಯೂ ಒಂದೇ ದಪ್ಪದ ಸಣ್ಣ ಕಡ್ಡಿಯಾಗಿದ್ದು, ಕೊನೆಯಲ್ಲಿ ಒಮ್ಮೆಲೇ ಉದರಕ್ಕೆ ಅಗಲವಾಗುತ್ತದೆ. ನಾಲ್ಕನೆಯ ಚಿತ್ರದ ಜೈಸಲ್ಮೇರಿನ ಕೆಂಪು-ಕಪ್ಪು ಕಣಜದ ಸೊಂಟವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಅದು ಎದೆಯ ಕಡೆ ಸಣ್ಣಗಿದ್ದು ಹಿಂದಕ್ಕೆ ಹೋದಂತೆ ಕಹಳೆಯ ಬಾಯಿಯಂತೆ ನಿಧಾನವಾಗಿ ಅಗಲವಾಗಿರುವುದು ಕಾಣುತ್ತದೆ. ಎರಡನ್ನೂ 'ಸಣ್ಣ ಸೊಂಟದ ಕಣಜ' ಎಂದು ಒಂದೇ ಸಾಲಿಗೆ ಬರೆಯುವ ತಪ್ಪು ತುಂಬ ಸಾಮಾನ್ಯ, ಆದರೆ ಒಂದು ಸ್ಫೆಸಿಡೇ, ಇನ್ನೊಂದು ವೆಸ್ಪಿಡೇ. ವಂಶದ ದೃಷ್ಟಿಯಿಂದ ಸೆಲಿಫ್ರಾನ್ ಜೇನುಹುಳುವಿಗೆ ಹತ್ತಿರವೇ ಹೊರತು ಆ ಕುಂಬಾರ ಕಣಜಕ್ಕಲ್ಲ.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಸೆಲಿಫ್ರಾನ್ ಪ್ರಭೇದಗಳಲ್ಲಿ ಒಂದರ ಹೆಸರು ಸೆಲಿಫ್ರಾನ್ ಮದ್ರಾಸ್‌ಪಟಾನಮ್. 1781ರಲ್ಲಿ ಯೊಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ ಮದರಾಸಪಟ್ಟಣದ ಹೆಸರು ಹಿಡಿದು ಇದನ್ನು ವಿವರಿಸಿದ, ಆದರೆ ಆಗ ಅವನು ಇದನ್ನಿಟ್ಟದ್ದು ಸ್ಫೆಕ್ಸ್ ಕುಲದಲ್ಲಿ. ಅನಂತರ ಕುಲ ಬದಲಾಯಿತು. ಹಾಗೆ ಬದಲಾದಾಗ ಮೊದಲು ವಿವರಿಸಿದವನ ಹೆಸರು ಮತ್ತು ವರ್ಷವನ್ನು ಆವರಣದೊಳಗೆ ಬರೆಯುವುದು ವರ್ಗೀಕರಣದ ಪದ್ಧತಿ. ಹೆಸರಿನ ಮುಂದೆ ಆವರಣ ಕಂಡರೆ 'ಈ ಹುಳು ಮನೆ ಬದಲಾಯಿಸಿದೆ' ಎಂದು ಮಕ್ಕಳು ಓದಿಕೊಳ್ಳಲಿ. ಹೆಸರಿನಲ್ಲಿ ಮದರಾಸು ಇದೆಯೆಂದು ಅದು ಅಲ್ಲಿಗಷ್ಟೇ ಸೇರಿದ್ದೂ ಅಲ್ಲ. ಭಾರತದ ಬಹುಭಾಗದಲ್ಲಿಯೂ ಹೊರಗೂ ಅದು ಹಬ್ಬಿದೆ. ಕೋರಮಂಡಲ ತೀರದ ಹೆಸರಿನ ಸೆಲಿಫ್ರಾನ್ ಕೊರೊಮ್ಯಾಂಡೆಲಿಕಮ್ ಎಂಬ ಇನ್ನೊಂದೂ ಇದೆ. ನಿಮ್ಮ ಚಿತ್ರದಲ್ಲಿ ಎದೆಯ ಪಕ್ಕವೂ ಸೊಂಟದ ಬುಡವೂ ನೆರಳಿನಲ್ಲಿರುವುದರಿಂದ ನಾನು ಕುಲಕ್ಕೇ ನಿಲ್ಲುತ್ತೇನೆ. ಆ್ಯಪ್ ಇದಕ್ಕೆ ಅಮೆರಿಕದ ಸೆಲಿಫ್ರಾನ್ ಕೆಮೆಂಟೇರಿಯಮ್ ಎಂದಿದ್ದರೂ ಅಚ್ಚರಿಯಿಲ್ಲ. ಅದು ಹೆಚ್ಚು ಚಿತ್ರ ನೋಡಿ ಕಲಿತ ಹುಳುವಿನ ಹೆಸರನ್ನೇ ಹೇಳುತ್ತದೆ.

ಎರಡನೆಯ ಚಿತ್ರದ ಮಿಂಚುವ ನೀಲಿ ಕಣಜವೂ ಅದೇ ಗೂಡಿನ ಮೇಲೆ ಕುಳಿತಿದೆ, ಅದಕ್ಕೆ ನೀವು 'ಗಂಡು ಇರಬಹುದೇ?' ಎಂದು ಕೆಳಗೆ ಬರೆದಿದ್ದೀರಿ. ಅಲ್ಲ. ಇದು ಸ್ಫೆಸಿಡೇಯದೇ ಇನ್ನೊಂದು ಕುಲ, ಖಾಲಿಬಿಯಾನ್. ಇವು ತಾವಾಗಿ ಗೂಡು ಕಟ್ಟುವ ಬದಲು, ಗೋಡೆಯ ತೂತು, ಬಿದಿರಿನ ಕೊಳವೆ, ಸೆಲಿಫ್ರಾನ್ ಬಿಟ್ಟುಹೋದ ಹಳೆಯ ಮನೆ, ಏನು ಸಿಕ್ಕಿದರೆ ಅದನ್ನೇ ಸರಿಮಾಡಿಕೊಂಡು ಜೇಡಗಳನ್ನು ತುಂಬುತ್ತವೆ. ಭಾರತದಲ್ಲಿ ಹೆಚ್ಚು ಪರಿಚಿತವಾದದ್ದು ಖಾಲಿಬಿಯಾನ್ ಬೆಂಗಾಲೆನ್ಸೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಹಾಬಾದ ಕಲ್ಲಿನ ಹಳೆಯ ಗೋಡೆಯೊಂದರಿಂದ ಮಣ್ಣಿನ ಗೂಡನ್ನು ಬಿಡಿಸಿ ತಂದು, ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದ್ದೆ. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಒಳಗೆ ನವಿಲಿನ ಕೊರಳ ಬಣ್ಣದ, ಮೈಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ಗುಳಿಗಳಿರುವ ಹುಳುವೊಂದು ಗಾಜಿಗೆ ತಲೆ ಬಡಿದುಕೊಳ್ಳುತ್ತಿತ್ತು. 'ಗೂಡು ಕಟ್ಟಿದ ಪ್ರಭೇದ' ಎಂದು ವಹಿಯಲ್ಲಿ ಅದನ್ನೇ ಬರೆದೆ. ಅದು ಸ್ಟಿಲ್ಬಮ್ ಎಂಬ ಕ್ರೈಸಿಡಿಡೇ ಕಣಜ. ಮಣ್ಣಿನ ಗೂಡಿನೊಳಗಿನ ಮರಿಹುಳುವನ್ನು ತಿಂದು ಅದರ ಜಾಗದಲ್ಲಿ ಬೆಳೆದು ಬಂದದ್ದು. ಗೂಡಿನಿಂದ ಹೊರಬಂದದ್ದೆಲ್ಲ ಗೂಡಿನ ಒಡೆಯನಲ್ಲ ಎಂಬ ಪಾಠವನ್ನು ಆ ವಹಿಯ ಗೀಟು ಹಾಕಿದ ಸಾಲು ಇವತ್ತಿಗೂ ನೆನಪಿಸುತ್ತದೆ.

ಹಾಗೆಂದು ಗೂಡನ್ನು ಬಿಡಬಾರದು, ನನ್ನ ಮಟ್ಟಿಗೆ ಹಾರುವ ಕಣಜಕ್ಕಿಂತ ನಿಂತ ಗೂಡೇ ಹೆಚ್ಚು ಸತ್ಯ ಹೇಳುತ್ತದೆ. ಖಾಲಿಯಾದ ಹಳೆಯ ಮಣ್ಣಿನ ಗೂಡೊಂದನ್ನು ತೆಗೆದು, ಬಿಳಿಯ ಕಾಗದದ ಮೇಲೆ ಮಕ್ಕಳ ಮುಂದೆ ಒಡೆಯಿರಿ. ಒಳಗೆ ಒಣಗಿದ ಜೇಡಗಳ ಕಾಲು, ಮೈ ಹಲವಾರು ಉದುರಿದರೆ ಅದು ಸೆಲಿಫ್ರಾನ್ ಅಥವಾ ಅದರ ಗೂಡು ಹಿಡಿದ ಖಾಲಿಬಿಯಾನ್. ಕಂಬಳಿಹುಳುಗಳ ತಲೆಯ ಚಿಪ್ಪು, ಒಣಗಿದ ಸಿಪ್ಪೆ ಬಿದ್ದರೆ ಕುಂಬಾರ ಕಣಜ. ಹೊಸ ಕೋಣೆ ಒಡೆದುಹೋಗಿ ಒಳಗೆ ಮೊಟ್ಟೆ ಕಂಡರೆ ಇನ್ನೂ ಒಳ್ಳೆಯ ಸುಳಿವು: ಕುಂಬಾರ ಕಣಜ ಬೇಟೆ ತುಂಬುವ ಮೊದಲೇ ಕೋಣೆಯ ಚಾವಣಿಯಿಂದ ಕೂದಲೆಳೆಯಂಥ ದಾರದಲ್ಲಿ ತನ್ನ ಮೊಟ್ಟೆಯನ್ನು ತೂಗುಹಾಕುತ್ತದೆ, ಸೆಲಿಫ್ರಾನ್ ತಾನು ತಂದ ಜೇಡದ ಮೈಗೇ ಮೊಟ್ಟೆ ಅಂಟಿಸುತ್ತದೆ. ನೆಲದ ಬಿಲದಲ್ಲಿ ಒಂದೇ ಒಂದು ದೊಡ್ಡ ಜೇಡ ಇದ್ದರೆ ಅದು ಪೊಂಪಿಲಿಡೇ. ತೊಗರಿ ಹೂಬಿಡುವ ದಿನಗಳಲ್ಲಿ ಕುಂಬಾರ ಕಣಜದ ಕೋಣೆಯೊಳಗಿನ ಹಸಿರು ಹುಳುಗಳಲ್ಲಿ ಕಾಯಿಕೊರಕವೂ ಇದೆಯೇ ಎಂದು ನೋಡಿದರೆ, ನಿಮ್ಮ ಪಟ್ಟಿ ರೈತರಿಗೂ ಬೇಕಾದ ಪಟ್ಟಿಯಾಗುತ್ತದೆ.

ಕಂಬಳಿಹುಳು ಒಳಗೆ ಹೋಗಿ ಕಣಜ ಹೊರಗೆ ಬರುವುದನ್ನು ನಮ್ಮ ಹಿರಿಯರೂ ಗಮನವಿಟ್ಟು ನೋಡಿದ್ದರು. ವಚನಗಳಲ್ಲಿ ಬರುವ ಕುಂಡಲಿಗ (ಕಣಜ) ಮತ್ತು ಕೀಡೆಯ (ಹುಳುವಿನ) ಹೋಲಿಕೆ, ಶಾಸ್ತ್ರಗಳ ಕೀಟ-ಭ್ರಮರ ನ್ಯಾಯ ಹುಟ್ಟಿದ್ದು ಇದೇ ಗೂಡಿನ ಮುಂದೆ. ಗುರುಶಿಷ್ಯರ ಹೋಲಿಕೆಯಾಗಿ ಅದು ಎಷ್ಟು ಸೊಗಸೋ ಅಷ್ಟೇ ಸೊಗಸಾಗಿ ಇರಲಿ. ಗೂಡಿನೊಳಗೆ ಮಾತ್ರ ಕೀಡೆ ಕುಂಡಲಿಗನಾಗುವುದಿಲ್ಲ, ಅದು ಕೊಂಡಿಯ ವಿಷದಿಂದ ಸಾಯದೆ, ಕೊಳೆಯದೆ ಮರಗಟ್ಟಿ ಬಿದ್ದು ಕುಂಡಲಿಗನ ಮರಿಗೆ ಊಟವಾಗುತ್ತದೆ. ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಅದಕ್ಕಾಗಿ ಹೇಳಿದೆ.

ಮೂರನೆಯ ಚಿತ್ರ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಯಿತು. ಭೀಮೆಯ ಮರಳಿನಲ್ಲಿ ಹಿಂದಕ್ಕೆ ಮರಳು ಚಿಮ್ಮಿಸುತ್ತಿರುವ, ತಿಳಿಹಳದಿ ಪಟ್ಟೆಗಳ, ದಪ್ಪ ಮೈಯ, ದೊಡ್ಡ ಕಣ್ಣಿನ ಕಣಜ. ಮುಖದ ಪಕ್ಕನೋಟ ಸಿಕ್ಕಿರುವುದು ನಿಮ್ಮ ಅದೃಷ್ಟ. ಬಾಯಿಯ ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಇಳಿದಿರುವುದು ಅದರ ಮೇಲ್ದುಟಿ. ಈ ಉದ್ದ ಮೇಲ್ದುಟಿ, ಮುಂಗಾಲಿನಲ್ಲಿ ಬಾಚಣಿಗೆಯಂಥ ಮುಳ್ಳುಗಳ ಸಾಲು, ತಲೆಯ ಮೇಲಿನ ಮೂರು ಪುಟ್ಟ ಕಣ್ಣುಗಳು ಮಸೂರ ಕಳೆದುಕೊಂಡು ಬರೀ ಕಲೆಗಳಾಗಿ ಉಳಿದಿರುವುದು, ಈ ಮೂರೂ ಕೂಡಿದರೆ ಬೆಂಬಿಕ್ಸ್ ಕುಲ. ಉಳಿದ ಬಹುತೇಕ ಒಂಟಿ ಕಣಜಗಳು ಕೋಣೆಗೆ ಆಹಾರ ತುಂಬಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗಿಬಿಟ್ಟರೆ, ಬೆಂಬಿಕ್ಸ್ ತಾಯಿ ಮರಿ ಬೆಳೆಯುವಷ್ಟು ದಿನವೂ ನೊಣಗಳನ್ನು ಹಿಡಿದು ತಂದು ಉಣಿಸುತ್ತದೆ. ಹೊರಗೆ ಹೋಗುವಾಗ ಪ್ರತಿ ಸಲವೂ ಬಿಲದ ಬಾಯಿಯನ್ನು ಮರಳಿನಿಂದ ಮುಚ್ಚಿ, ಬಂದಾಗ ಗುರುತೇ ಇಲ್ಲದ ಮರಳಿನಲ್ಲಿ ಸರಿಯಾಗಿ ಅಲ್ಲಿಯೇ ಇಳಿದು ತೋಡುತ್ತದೆ. ನದಿಯ ದಂಡೆಯಲ್ಲಿ ನೀರು ಕುಡಿಯುವ ದನಗಳ ಸುತ್ತ ಇದು ತಿರುಗಿದರೆ ಕಾದು ನೋಡಿ, ದನದ ನೊಣವನ್ನು ನಡುಗಾಲುಗಳಲ್ಲಿ ಹೊಟ್ಟೆಯ ಕೆಳಗೆ ಅವಚಿಕೊಂಡು ಹಾರುವುದು ಕಾಣಬಹುದು.

ಐದನೆಯದು, ಜೈಸಲ್ಮೇರಿನ ಮರಳಿನ ಮೇಲಿನ ಹಳದಿ ಪಟ್ಟೆಯ ಕಣಜ. ನಿಮ್ಮ ಮೂಲ ಪ್ರಶ್ನೆ ಇದೇ: ಮೂರು ಮತ್ತು ಐದು ಒಂದೇ ಪ್ರಭೇದವೇ? ನೋಡಲು ಅಣ್ಣತಮ್ಮಂದಿರಂತಿವೆ. ಆದರೆ ಐದನೆಯದರ ಮುಖವೇ ಕಾಣುವುದಿಲ್ಲ, ಬೆನ್ನಷ್ಟೇ ಕಾಣುತ್ತದೆ. ಮೇಲ್ದುಟಿ ನೋಡದೆ ಅದು ಬೆಂಬಿಕ್ಸ್ ಎಂದೂ ಖಚಿತವಾಗದು, ಹತ್ತಿರದ ನೆಂಟನಾದ, ಮಿಡತೆ ಹಿಡಿಯುವ ಸ್ಟೈಜಸ್ ಕುಲದವೂ ಮರಳುಗಾಡಿನಲ್ಲಿ ಇದೇ ಬಣ್ಣದಲ್ಲಿ ಇರಬಹುದು. ಬೆಂಬಿಕ್ಸ್ ಎಂದೇ ಒಪ್ಪಿಕೊಂಡರೂ ಆ ಕುಲದಲ್ಲಿ ಪ್ರಪಂಚದಾದ್ಯಂತ 300ಕ್ಕೂ ಹೆಚ್ಚು ಪ್ರಭೇದಗಳಿದ್ದು, ಪಟ್ಟೆಯ ಅಗಲ ಒಂದೇ ಪ್ರಭೇದದಲ್ಲಿಯೂ ಹೆಚ್ಚುಕಡಿಮೆಯಾಗುತ್ತದೆ. ಬೇರ್ಪಡಿಸಲು ಗಂಡಿನ ಕಾಲಿನ ಆಕಾರ, ಉದರದ ಅಡಿಭಾಗದ ಉಬ್ಬುಗಳು, ಕೊನೆಗೆ ಜನನಾಂಗದ ರಚನೆಯನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಆದ್ದರಿಂದ ಚಿತ್ರ ನೋಡಿ 'ಒಂದೇ' ಎನ್ನುವುದೂ 'ಬೇರೆ' ಎನ್ನುವುದೂ ಊಹೆಯೇ. ನಿಮ್ಮ ತಮ್ಮನವರಿಗೆ ಮುಖದ ಫೋಟೊ ಒಂದನ್ನು ತೆಗೆಯಲು ಹೇಳಿ. ಮುಂಜಾನೆ ತಂಪಿನಲ್ಲಿ ಇವು ಮಂದವಾಗಿರುತ್ತವೆ, ಬಿಸಿಲೇರಿದ ಮೇಲೆ ಕ್ಯಾಮೆರಾಕ್ಕೆ ನಿಲ್ಲುವುದಿಲ್ಲ.

ನಾಲ್ಕನೆಯ ಚಿತ್ರದ ಕೆಂಪು-ಕಪ್ಪು ಕುಂಬಾರ ಕಣಜ ಡೆಲ್ಟಾ ಕುಲ. ರೆಕ್ಕೆಯ ಬುಡದ ಅರ್ಧ ಕಂದುಗೆಂಪು, ತುದಿಯ ಅರ್ಧ ಕಪ್ಪಾಗಿ ಕಾಣುತ್ತಿರುವುದರಿಂದ ಡೆಲ್ಟಾ ಡಿಮಿಡಿಯಾಟಿಪೆನ್ನೆ ಇರಬಹುದೆಂದು ನನ್ನ ಅಂದಾಜು. ಆ ಹೆಸರಿನ ಅರ್ಥವೇ 'ಅರ್ಧ ಭಾಗವಾದ ರೆಕ್ಕೆ'. ಉತ್ತರ ಆಫ್ರಿಕದಿಂದ ಅರಬ್ ನಾಡುಗಳ ಮೂಲಕ ಭಾರತದವರೆಗೆ ಒಣಸೀಮೆಗಳಲ್ಲಿ ಇದು ಹಬ್ಬಿದೆ. ನಿಮ್ಮ ಊರಿನಲ್ಲಿ ಕೆಂಪಿಗಿಂತ ಹಳದಿ ಹೆಚ್ಚಿರುವ ಡೆಲ್ಟಾ ಸಿಕ್ಕರೆ ಡೆಲ್ಟಾ ಪೈರಿಫಾರ್ಮೆ, ಡೆಲ್ಟಾ ಎಸುರಿಯೆನ್ಸ್ ಇವನ್ನೂ ಗಮನದಲ್ಲಿಡಿ. ಹಳೆಯ ಬರಹಗಳಲ್ಲಿ ಇವೆಲ್ಲ ಯೂಮಿನೀಸ್ ಎಂಬ ಕುಲದ ಹೆಸರಿನಲ್ಲಿರುತ್ತವೆ, ಗಾಬರಿಯಾಗಬೇಡಿ.

ಹೆಸರುಗಳು ಬದಲಾಗುತ್ತಲೇ ಇರುತ್ತವೆ ಎಂಬುದಕ್ಕೆ ಹತ್ತಿರದ ಉದಾಹರಣೆಯೇ ಇದೆ. ನಾನು ಓದುವಾಗ ಬೆಂಬಿಕ್ಸ್ ಸ್ಫೆಸಿಡೇಯಲ್ಲಿತ್ತು, ಅನಂತರ ಕ್ರಾಬ್ರೊನಿಡೇಗೆ ಹೋಯಿತು; 2018ರಲ್ಲಿ 195 ವಂಶವಾಹಿಗಳನ್ನು ಹೋಲಿಸಿದ ಅಧ್ಯಯನದ ಮೇಲೆ ಕ್ರಾಬ್ರೊನಿಡೇಯನ್ನೇ ಹಲವು ಕುಟುಂಬಗಳಾಗಿ ಒಡೆದು, ಬೆಂಬಿಕ್ಸನ್ನು ಬೆಂಬಿಸಿಡೇ ಎಂಬ ಕುಟುಂಬದಲ್ಲಿಡಲಾಯಿತು. ಜೇನುಹುಳುಗಳು ಈ ಕಣಜಗಳ ಗುಂಪಿನ ಒಳಗಿಂದಲೇ ಕವಲೊಡೆದವು ಎಂಬುದೂ ಅದೇ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಭಾರತದ ಕಣಜಗಳಿಗೆ ಇಂದಿಗೂ ನಾವು ತೆರೆಯುವ ಬಿಂಗ್ಹ್ಯಾಮನ ಗ್ರಂಥ 1897ರದ್ದು. ಅದರ ವಿವರಣೆ ಕೆಲಸಕ್ಕೆ ಬರುತ್ತದೆ, ಹೆಸರನ್ನು ಮಾತ್ರ ಹಾಗೆಯೇ ಎತ್ತಿ ಬರೆಯಬಾರದು.

ಚಿತ್ರದಿಂದ ಮುಂದಕ್ಕೆ ಹೋಗಬೇಕೆಂದರೆ ಮಾದರಿ ಬೇಕು. ಇದಕ್ಕಾಗಿ ಮಕ್ಕಳು ಕಣಜ ಹಿಡಿದು ಕೊಲ್ಲುವುದು ಬೇಡ. ಕಿಟಕಿಯ ಬುಡದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಸತ್ತು ಬಿದ್ದವು ಸಾಕು. ಸತ್ತ ಕಣಜವನ್ನು ಶೇಕಡ 70ರ ಆಲ್ಕೋಹಾಲ್ ಇರುವ ಪುಟ್ಟ ಸೀಸೆಯಲ್ಲಿಟ್ಟು, ಒಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ: ಊರು, ತಾಲ್ಲೂಕು, ತಾರೀಖು, ಸಿಕ್ಕ ಜಾಗ, ಸಿಕ್ಕವರ ಹೆಸರು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಚೀಟಿಯಿಲ್ಲದ ಮಾದರಿ ಎಷ್ಟೇ ಅಪರೂಪದ್ದಾಗಿರಲಿ, ವರ್ಗೀಕರಣಕಾರನಿಗೆ ಅದು ಬರೀ ಸತ್ತ ಹುಳು.

ಮಾದರಿಯಲ್ಲಿ ಮೊದಲು ನೋಡಬೇಕಾದದ್ದು ಅದು ಗಂಡೋ ಹೆಣ್ಣೋ ಎಂದು. ಕುಡಿಮೀಸೆಯ ಗಂಟುಗಳನ್ನು ಎಣಿಸಿ: ಈ ಗುಂಪಿನಲ್ಲಿ ಸಾಮಾನ್ಯವಾಗಿ ಹೆಣ್ಣಿಗೆ 12, ಗಂಡಿಗೆ 13. ಉದರದಲ್ಲಿ ಕಾಣುವ ಖಂಡಗಳು ಹೆಣ್ಣಿಗೆ 6, ಗಂಡಿಗೆ 7. ಕೊಂಡಿ ಇರುವುದು ಹೆಣ್ಣಿಗೆ ಮಾತ್ರ. ಅನಂತರ ರೆಕ್ಕೆಯನ್ನು ಬೆಳಕಿಗೆ ಹಿಡಿದು, ನರಗಳು ಕೂಡಿ ಹೊಲದ ಬದುಗಳಂತೆ ಬೇಲಿ ಹಾಕಿದ ಕೋಶಗಳನ್ನು ಎಣಿಸಬೇಕು. ಬೇರೆ ಬೇರೆ ಕುಲಗಳಿಗೆ ಇವುಗಳ ಲೆಕ್ಕ ಬೇರೆ: ಮುಂರೆಕ್ಕೆಯ ಹೊರ ಅಂಚಿನ ಕೆಳಗಿನ ಸಾಲಿನಲ್ಲಿ ಸ್ಫೆಕ್ಸ್‌ಗೆ ಮೂರು ಕೋಶ, ಟ್ರೈಪಾಕ್ಸಿಲಾನ್‌ಗೆ ಒಂದೇ ಒಂದು ಸ್ಪಷ್ಟ ಕೋಶ. ಸರ್ಸೆರಿಸ್‌ನಲ್ಲಿ ಎರಡನೆಯ ಕೋಶ ತೊಟ್ಟಿನ ಮೇಲೆ ನಿಂತ ಪುಟ್ಟ ತ್ರಿಕೋನ. ಬಣ್ಣ ಸುಳ್ಳು ಹೇಳಿದಷ್ಟು ಈ ನರಗಳು ಹೇಳುವುದಿಲ್ಲ. ಇದಕ್ಕೂ ಮುಂದೆ ಬೇಕಾದರೆ ಒಂದು ಕಾಲನ್ನು ಕಿತ್ತು, ಸುಮಾರು 658 ಅಕ್ಷರಗಳ ಡಿಎನ್‌ಎ ತುಣುಕನ್ನು ಓದಿಸಿ ಹೋಲಿಸುವ ಪದ್ಧತಿಯಿದೆ. ಆದರೆ ಹೋಲಿಸಲು ಅಲ್ಲಿ ಮೊದಲೇ ಯಾರೋ ಸರಿಯಾಗಿ ಗುರುತಿಸಿದ ಮಾದರಿಯ ತುಣುಕು ಇರಬೇಕು, ನಮ್ಮ ಸೀಮೆಯ ಕಣಜಗಳಿಗೆ ಅದು ಎಲ್ಲ ಸಲವೂ ಸಿಗುವುದಿಲ್ಲ. ಕೃಷಿ ಕಾಲೇಜುಗಳ ಕೀಟಶಾಸ್ತ್ರ ವಿಭಾಗಗಳಲ್ಲಿ ಕೀಟಸಂಗ್ರಹವನ್ನು ಕೇಳಿದರೆ ಮಕ್ಕಳಿಗೆ ತೋರಿಸಬಹುದು. ಥಾರ್ ಕಡೆಯ ಮಾದರಿಗಾದರೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮರುಭೂಮಿ ಕೇಂದ್ರ ಜೋಧಪುರದಲ್ಲೇ ಇದೆ.

ಮಾದರಿ ಸಿಗದಿದ್ದರೆ ನಡೆ ನೋಡಿ. ಕಣಜ ಬೇಟೆಯನ್ನು ಹೊರುವ ರೀತಿಯೇ ಒಂದು ಗುರುತಿನ ಚೀಟಿ. ಉದ್ದನೆಯ ಕಂಬಳಿಹುಳುವನ್ನು ಎರಡು ಬದಿಗೆ ಕಾಲು ಹಾಕಿ ಕುದುರೆಯೇರಿದಂತೆ ಹೊಟ್ಟೆಯ ಕೆಳಗೆ ಹಿಡಿದು ನಡೆಯುವುದು ಅಮ್ಮೊಫಿಲಾ ಕುಲದ ಕಣಜ. ಅದು ಬಿಲ ಮುಚ್ಚಿದ ಮೇಲೆ ಕೆಲವೊಮ್ಮೆ ಪುಟ್ಟ ಹರಳನ್ನು ದವಡೆಯಲ್ಲಿ ಹಿಡಿದು ಮಣ್ಣನ್ನು ಕುಟ್ಟಿ ಗಟ್ಟಿ ಮಾಡುತ್ತದೆ. ನಮ್ಮವರು ನೆಲಕ್ಕೆ ದಿಮ್ಮಸು ಹಾಕುವುದನ್ನು ನೋಡಿದವರಿಗೆ ಇದು ಹೊಸದೆನಿಸದು. ಜೇಡವನ್ನು ಹಿಂದುಹಿಂದಕ್ಕೆ ನಡೆಯುತ್ತ ಎಳೆಯುವುದು ಪೊಂಪಿಲಿಡೇ. ನೊಣವನ್ನು ಕೊಂಡಿಗೇ ಚುಚ್ಚಿಕೊಂಡು ಹಾರುವ ಸಣ್ಣ ಕಣಜ ಕಂಡರೆ ಆಕ್ಸಿಬೆಲಸ್ ಕುಲ. ಕೊತ್ತಂಬರಿ, ಅಜವಾನ ಹೂಬಿಟ್ಟ ಹೊಲದ ಅಂಚು, ಎಕ್ಕೆಯ ಗಿಡ, ಮಳೆಗಾಲ ಮುಗಿಯುವ ಹೊತ್ತು, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು: ನೋಡಲು ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಜಾಗ, ಸಮಯ ಇಲ್ಲ.

ಫೋಟೊ ತೆಗೆಯುವಾಗ ಪ್ರತಿ ಕಣಜಕ್ಕೂ ಬೆನ್ನು, ಪಕ್ಕ, ಮುಖ ಎಂದು ಮೂರು ಚಿತ್ರ, ಸಾಧ್ಯವಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟ ಗೂಡಿನ ಚಿತ್ರ. ಸದ್ಯಕ್ಕೆ ನಿಮ್ಮ ಪಟ್ಟಿಯಲ್ಲಿ ಹೀಗೆ ಬರೆಯಬಹುದು: ಒಂದು, ಸೆಲಿಫ್ರಾನ್ ಕುಲ, ಎರಡು, ಖಾಲಿಬಿಯಾನ್ ಕುಲ, ಮೂರು, ಬೆಂಬಿಕ್ಸ್ ಕುಲ, ನಾಲ್ಕು, ಡೆಲ್ಟಾ ಕುಲ, ಡಿಮಿಡಿಯಾಟಿಪೆನ್ನೆ ಇರಬಹುದು, ಐದು, ಬೆಂಬಿಸಿಡೇ ಕುಟುಂಬ, ಬಹುಶಃ ಬೆಂಬಿಕ್ಸ್, ಮುಖ ನೋಡಬೇಕು.

ಉಳಿದದ್ದು ಆರನೆಯದು, ಮರಳಿನ ಮೇಲೆ ಓಡುತ್ತಿರುವ, ಮಖಮಲ್ಲಿನಂಥ ಕೂದಲಿನ ಕೆಂಪು 'ಇರುವೆ'. ಅದು ಇರುವೆಯಲ್ಲ, ರೆಕ್ಕೆಯಿಲ್ಲದ ಹೆಣ್ಣು ಕಣಜ, ಮ್ಯುಟಿಲಿಡೇ ಕುಟುಂಬ. ಇರುವೆಯ ಕುಡಿಮೀಸೆ ಮೊಣಕೈಯಂತೆ ಮಡಿಚಿರುತ್ತದೆ, ಇದರದ್ದು ಹಾಗಿಲ್ಲ. ಇರುವೆಯ ಸೊಂಟದಲ್ಲಿ ಎದ್ದು ಕಾಣುವ ಗಂಟೂ ಇದಕ್ಕಿಲ್ಲ. ಇದರ ಗಂಡಿಗೆ ರೆಕ್ಕೆಯಿದ್ದು ಹೆಣ್ಣಿನ ಹೋಲಿಕೆಯೇ ಇಲ್ಲದಿರುವುದರಿಂದ, ಎಷ್ಟೋ ಪ್ರಭೇದಗಳಲ್ಲಿ ಒಂದೇ ಲಿಂಗದ ವಿವರಣೆಯಿದೆ. ಹೀಗಾಗಿ ಇಲ್ಲಿ ನಾನು ಕುಟುಂಬಕ್ಕೇ ನಿಲ್ಲುತ್ತೇನೆ. ಇದು ನೆಲದಲ್ಲಿ ಗೂಡು ಮಾಡುವ ಜೇನು ಮತ್ತು ಕಣಜಗಳ ಮರಿಗಳ ಮೇಲೆ ಬೆಳೆಯುವಂಥದ್ದು, ಆದ್ದರಿಂದ ಬೆಂಬಿಕ್ಸ್ ಇರುವ ಭೀಮೆಯ ಮರಳಿನಲ್ಲಿಯೂ ಸಿಗಬಹುದು. ಮಿರಗದ ಮಳೆಗೆ ಹೊರಬರುವ ಕೆಂಪು ಮಖಮಲ್ಲಿನ ಹುಳುವನ್ನು ನಮ್ಮ ಮಕ್ಕಳು ಅಂಗೈಯಲ್ಲಿಟ್ಟುಕೊಂಡು ಆಡುತ್ತಾರೆ. ಅದಕ್ಕೆ ಎಂಟು ಕಾಲು, ಕೊಂಡಿಯಿಲ್ಲ, ಏನೂ ಮಾಡದು. ಇದಕ್ಕೆ ಆರು ಕಾಲು, ಕೊಂಡಿ ಉದ್ದ, ಚುಚ್ಚಿದರೆ ವಿಪರೀತ ನೋವು. ಮರಳಿಗೆ ಕರೆದುಕೊಂಡು ಹೋಗುವ ಮೊದಲು ಎರಡರ ಚಿತ್ರವನ್ನೂ ಮಕ್ಕಳಿಗೆ ಪಕ್ಕಪಕ್ಕದಲ್ಲಿಟ್ಟು ತೋರಿಸಿ.